ಚೆಂಡಿಗೆ ಪಾಳಿ ಹಚ್ಚಿದ್ದು

ಮಹಾಪುರುಷರು ಒಂದೆಡೆ ಸೇರಿದಾಗ ಇತಿಹಾಸ ಸೃಷ್ಟಿಯಾಗುತ್ತದೆ. ಅಂಥ ನಾಲ್ವರನ್ನು ಒಂದೇ ಕ್ರೂಸರ್ ಜೀಪಿನಲ್ಲಿ ಕೂರಿಸಿಕೊಂಡು ಬಾಸ್ಕೆಟ್‌ಬಾಲ್ ಆಡಿಸಲು ಹೋದವನು ನಾನು. ದಾರಿಯ ತಡಸ ಊರು ದಾಟುವುದರೊಳಗೆ ಸೃಷ್ಟಿಯಾದದ್ದು ಮುಂದಿನ ಸೀಟಿನ ಜಗಳ.

ಆಗ ನಾನು ಪೀಟಿ ಮಾಸ್ತರ. ಬರುವ ಮೇ ತಿಂಗಳಿಗೆ ನಿವೃತ್ತಿ. ಇಡೀ ಸರ್ವಿಸಿನಲ್ಲಿ ನಾನು ಕಲಿಸಿದ ಒಂದು ತಂಡವೂ ವಿಭಾಗ ಮಟ್ಟ ದಾಟಿ ರಾಜ್ಯ ಮಟ್ಟಕ್ಕೆ ಹೋಗಿರಲಿಲ್ಲ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕಿನ ಕೂಡು ತಂಡಕ್ಕೆ ನನ್ನನ್ನು ಕೋಚ್ ಮಾಡಿದಾಗ, ಇದೇ ಕೊನೆಯ ಅವಕಾಶವೆಂದು ತಾಲೂಕಿಗೊಬ್ಬ ಸ್ಟಾರನ್ನು ಆರಿಸಿದೆ. ಆಟಕ್ಕೆ ಐವರು ಬೇಕೆಂಬ ಒಂದೇ ಕಾರಣಕ್ಕೆ ತಿಳವಳ್ಳಿಯ ಒಬ್ಬ ಸಾದಾ ಮನುಷ್ಯನನ್ನೂ ಸೇರಿಸಿಕೊಂಡೆ.

ಹಾನಗಲ್ಲಿನವನು ಅಂಗಳದ ಅರ್ಧದಿಂದಲೇ ಚೆಂಡು ಎಸೆಯುತ್ತಿದ್ದ; ಅದು ಬುಟ್ಟಿಗೆ ಬಿತ್ತೋ ಇಲ್ಲವೋ ಎಂದು ನೋಡುವುದು ಅವನ ಘನತೆಗೆ ಕುಂದು. ಸವಣೂರಿನವನಿಗೆ ಇನ್ನೊಬ್ಬನಿಗೆ ಚೆಂಡು ಕೊಡುವುದೆಂದರೆ ತಂಗಿಯನ್ನು ಗಂಡನ ಮನೆಗೆ ಕಳಿಸುವಷ್ಟು ಸಂಕಟ. ಹಿರೇಕೆರೂರಿನವನು ತನ್ನ ಗೆಳೆಯ ವಿಡಿಯೋ ತೆಗೆಯಲು ಮೊಬೈಲ್ ಹಿಡಿದು ಕುಳಿತ ಕಡೆಗೆ ಮುಖ ಮಾಡಿಯೇ ಆಡುತ್ತಿದ್ದ. ಉಳಿದ ಅರ್ಧ ಅಂಗಳ ಅವನ ಪಾಲಿಗೆ ಇರಲೇ ಇಲ್ಲ. ಶಿಗ್ಗಾವಿಯವನು ಎತ್ತರ. ಅಷ್ಟೇ.

ಅಭ್ಯಾಸದಲ್ಲಿ ಕಾಲೇಜು ಹುಡುಗರ ಕೈಯಲ್ಲೇ ಸೋತರು. ಆಮೇಲೆ ಒಬ್ಬರೊಡನೊಬ್ಬರು ಮಾತು ಬಿಟ್ಟರು. ಕೊನೆಗೆ ಸವಣೂರಿನವನು ಬಹಳ ಗಂಭೀರವಾಗಿ ನನ್ನ ಹತ್ತಿರ ಬಂದ.

"ಸರ್, ಬೋರಿನ ನೀರಿಗೆ ಪಾಳಿ ಹಚ್ತಾರಲ್ರಿ, ಹಂಗ ಚೆಂಡಿಗೂ ಹಚ್ಚಿಬಿಡ್ರಿ. ಕ್ವಾರ್ಟರ್ ನಾಕು, ತಾಲೂಕು ನಾಕು."

ಅಂದರೆ ಪಂದ್ಯದ ಕಾಲು ಭಾಗವಾದ ಒಂದೊಂದು ಕ್ವಾರ್ಟರಿನಲ್ಲಿ ಒಬ್ಬನೇ ಬುಟ್ಟಿಗೆ ಹಾಕಬೇಕು, ಉಳಿದವರು ಅವನಿಗೆ ಚೆಂಡು ಒಪ್ಪಿಸಬೇಕು. ತರಬೇತಿಯ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿಕೊಂಡ ನಾನು ಇದಕ್ಕೆ ಒಪ್ಪಿದೆ. ತಿಳವಳ್ಳಿಯವನನ್ನು ಯಾರೂ ಕೇಳಲಿಲ್ಲ. ಎದುರಾಳಿಯಿಂದ ಚೆಂಡು ಕಸಿದು ಪಾಳಿಯವನಿಗೆ ಮುಟ್ಟಿಸುವುದು ಅವನ ಕೆಲಸವೆಂದು ನಾನೇ ಹೇಳಿದೆ. ಹೂಂ ಅಂದ.

ನಾಚಿಕೆಯ ಸಂಗತಿಯೆಂದರೆ ಈ ಉಪಾಯ ಫಲಿಸಿತು. ವಿಭಾಗ ಮಟ್ಟದಲ್ಲಿ ಎರಡು ಪಂದ್ಯ ಗೆದ್ದೆವು. ನಾಲ್ವರೂ ತಮ್ಮ ಪಾಳಿಯಲ್ಲಿ ಹುಲಿಗಳು, ಉಳಿದ ಮೂರು ಕ್ವಾರ್ಟರಿನಲ್ಲಿ ಮದುವೆಗೆ ಬಂದ ಬೀಗರು. ಫೈನಲ್ ಗೆದ್ದರೆ ರಾಜ್ಯ ಮಟ್ಟ. ಎದುರಿಗಿದ್ದವರು ಐದು ಮಂದಿ ಸಾಧಾರಣ ಆಟಗಾರರು. ಯಾವ ಸಂಕೋಚವೂ ಇಲ್ಲದೆ ಒಬ್ಬರಿಗೊಬ್ಬರು ಚೆಂಡು ಕೊಟ್ಟುಕೊಳ್ಳುತ್ತಿದ್ದರು. ನಾಲ್ಕು ಕ್ವಾರ್ಟರ್ ಮುಗಿದಾಗ ಅಂಕ ಸಮ. ರೆಫರಿ ಐದು ನಿಮಿಷ ಹೆಚ್ಚುವರಿ ಆಟ ಎಂದ.

ಐದನೆಯ ಪಾಳಿಯ ಬಗ್ಗೆ ನಾವ್ಯಾರೂ ಯೋಚಿಸಿರಲಿಲ್ಲ.

"ನಾಕು ಮುಗಿದ ಮ್ಯಾಲ ಮತ್ತ ಒಂದರಿಂದ ಸುರು ಆಗೂದ ಅಲ್ರೀ?" ಎಂದ ಮೊದಲ ಪಾಳಿಯ ಹಾನಗಲ್ಲಿನವನು.

"ಇದು ನಾಕನೇದರ ಬಾಲ. ನಂದ ಇನ್ನೂ ಮುಗಿದಿಲ್ಲ," ಎಂದ ಹಿರೇಕೆರೂರಿನವನು.

ಶಿಗ್ಗಾವಿಯವನು ಚೀಟಿ ಎತ್ತೋಣವೆಂದ. ನನಗೆ ಸಿಕ್ಕ ವಿರಾಮ ಇದರಲ್ಲೇ ಹೋಯಿತು. ಯಾರ ಕೈಗೆ ಸಿಗುತ್ತದೋ ಅವರೇ ಹಾಕಿ ಎಂದೆ. ನಾನು ಅವರ ಮನೆತನವನ್ನು ಬೈದೆನೇನೋ ಎಂಬಂತೆ ನಾಲ್ವರೂ ನನ್ನನ್ನು ನೋಡಿದರು.

ಕೊನೆಯ ಕ್ಷಣಗಳು. ನಾವು ಒಂದು ಅಂಕ ಹಿಂದೆ. ತಿಳವಳ್ಳಿಯವನು ಚೆಂಡು ಕಸಿದು ಒಬ್ಬನೇ ಓಡಿ ಬುಟ್ಟಿಯ ಕೆಳಗೆ ತಲುಪಿದ. ಅಡ್ಡ ಒಬ್ಬರೂ ಇಲ್ಲ. ಹಿಂದಿನಿಂದ ನಾಲ್ಕು ತಾಲೂಕೂ ಕೈಯೆತ್ತಿ ಚೆಂಡು ಬೇಡುತ್ತಿದ್ದವು. ಅವನು ಅವರತ್ತ ನೋಡಿದ, ಬುಟ್ಟಿಯತ್ತ ನೋಡಿದ, ಆಮೇಲೆ ಗೆರೆಯಾಚೆ ನಿಂತ ನನ್ನ ಕಡೆ ತಿರುಗಿ ವಿನಯದಿಂದ ಕೇಳಿದ:

"ಸರ್, ಈಗ ಯಾರ ಪಾಳಿ ರೀ?"

"ನಿಂದ!" ಎಂದು ನಾನು ಕೂಗುವಷ್ಟರಲ್ಲಿ ಸೈರನ್ ಆಗಿತ್ತು.

ಒಂದು ಅಂಕದಿಂದ ಸೋತೆವು. ರಾಜ್ಯ ಮಟ್ಟಕ್ಕೆ ಎದುರಿನ ತಂಡ ಹೋಯಿತು.