ಬಿಪಿ ಇಳಿಸಿದ ದಿನ

1997ರಲ್ಲಿ ನಾನು ಬೈಲಹೊಂಗಲದ ಒಂದು ಓಣಿಯಲ್ಲಿ ಸ್ವಂತ ದವಾಖಾನೆ ನಡೆಸುತ್ತಿದ್ದೆ. ಬಿಪಿ ಎಷ್ಟೇ ಏರಿರಲಿ, ಡಾಕ್ಟರ್ ಬಾಯಾರು ಅರ್ಧ ತಾಸಿನಲ್ಲಿ ಇಳಿಸುತ್ತಾರೆ ಎಂದು ಊರಲ್ಲಿ ನನಗೆ ಹೆಸರಾಗಿತ್ತು. ಆ ಹೆಸರು ನನ್ನ ತಲೆಗೂ ಏರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಶ್ರಾವಣದ ಒಂದು ಬೆಳಿಗ್ಗೆ ಬಳೆ ಅಂಗಡಿಯ ಹುಸೇನಬಿಯನ್ನು ಅವರ ಸೊಸೆ ಆಟೋದಲ್ಲಿ ಕರೆತಂದಳು. ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನನಗೆ ಬಳೆ ತೊಡಿಸುತ್ತಿದ್ದವರು ಆಕೆಯೇ. ಗಿರಾಕಿಯ ಅಂಗೈಯನ್ನು ಎಡಗೈಯಿಂದ ಮೆತ್ತಗೆ ಹಿಚುಕಿ, ಬಲಗೈಯಿಂದ ಬಳೆ ಏರಿಸುವುದು ಆಕೆಯ ಕಸುಬು. ಆ ಎಡಗೈಯಿಂದ ಬಳೆಗಳು ಜಾರಿ ಬಿದ್ದು ಅರ್ಧ ತಾಸಾಗಿತ್ತಂತೆ. ಮಾತು ಸರಿಯಾಗಿತ್ತು. ಕೈಯನ್ನು ಎದೆಮಟ್ಟಕ್ಕೆ ಎತ್ತುತ್ತಿದ್ದರು, ಬೆರಳು ಮಡಚುತ್ತಿದ್ದರು, ಹಿಡಿತ ಮಾತ್ರ ಸಡಿಲ. ಬಿಪಿ 210/120 ಇತ್ತು.

"ಹಬ್ಬ ಬಂದಾವ್ರಿ ಬಾಯಾರ. ಈ ಕೈ ಇಲ್ಲಂದ್ರ ನಾ ಬಳಿ ಹೆಂಗ ತೊಡಸ್ಲಿ?" ಎಂದರು.

"ಅಂಜಬ್ಯಾಡ್ರಿ. ಮೊದಲ ಬಿಪಿ ಇಳಸ್ತೇನಿ," ಎಂದೆ.

ನಿಫೆಡಿಪಿನ್ ಎಂಬ ಔಷಧದ ಕ್ಯಾಪ್ಸೂಲ್‌ಗೆ ಸೂಜಿ ಚುಚ್ಚಿ, ನಾಲಿಗೆಯ ಕೆಳಗೆ ಹನಿ ಹಾಕುವುದು ಆಗ ನಮ್ಮಲ್ಲಿ ಅನೇಕರ ರೂಢಿ. ಹಾಗೇ ಮಾಡಿದೆ. ಇಪ್ಪತ್ತು ನಿಮಿಷಕ್ಕೆ ಬಿಪಿ 120/70. ಸೊಸೆ ಕೈಮುಗಿದಳು. ನಾನು ಗೆದ್ದವಳ ಹಾಗೆ ಇನ್ನೊಬ್ಬ ರೋಗಿಯ ಕಡೆ ತಿರುಗಿದೆ.

"ಬಾಯಾರ, ಕೈ ಏಳವಲ್ದರಿ," ಎಂದರು ಹುಸೇನಬಿ.

ಎತ್ತಿ ಹಿಡಿದು ಬಿಟ್ಟೆ. ಕೈ ಹಾಸಿಗೆಯ ಮೇಲೆ ಬಿತ್ತು. ಒಂದು ಬೆರಳೂ ಅಲುಗಲಿಲ್ಲ.

ಕೂಡಲೇ ಬೆಳಗಾವಿಗೆ ಕಳಿಸಿದೆ. ಸಂಜೆ ಅಲ್ಲಿಯ ಹಿರಿಯ ವೈದ್ಯರು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಬಿಪಿ ಇಷ್ಟ ಕೆಳಗ ಯಾಕ ತಂದ್ರಿ?"

ಹುಸೇನಬಿಗೆ ಆದದ್ದು ಪಾರ್ಶ್ವವಾಯು. ಹೀಗೆ ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ನಡುಭಾಗದ ಜೀವಕೋಶಗಳು ನಿಮಿಷಗಳಲ್ಲೇ ಸಾಯತೊಡಗುತ್ತವೆ. ಸುತ್ತಲಿನವು ಅಷ್ಟು ಬೇಗ ಸಾಯುವುದಿಲ್ಲ. ಅಕ್ಕಪಕ್ಕದ ಸಣ್ಣ ನಾಳಗಳಿಂದ ಬರುವ ಅಷ್ಟಿಷ್ಟು ರಕ್ತದಲ್ಲಿ, ಕೆಲಸ ನಿಲ್ಲಿಸಿ, ಜೀವ ಹಿಡಿದುಕೊಂಡಿರುತ್ತವೆ. ರೋಗಿ ಎಷ್ಟು ಚೇತರಿಸಿಕೊಳ್ಳುತ್ತಾರೆ ಎಂಬುದು ಬಹಳಮಟ್ಟಿಗೆ ಅವು ಉಳಿಯುವುದರ ಮೇಲೆ ನಿಂತಿದೆ. ಅಲ್ಲಿಗೆ ರಕ್ತ ನೂಕಲೆಂದೇ ದೇಹ ಎಷ್ಟೋ ಸಲ ಒತ್ತಡ ಏರಿಸಿಕೊಳ್ಳುತ್ತದೆ. ನಮ್ಮ ಓಣಿಯ ನಳದಲ್ಲಿ ನೀರಿನ ಜೋರು ಕಡಿಮೆಯಾದರೆ ಮೊದಲು ಒಣಗುವುದು ಕೊನೆಯ ಮನೆ. ನಾನು ಆ ಜೋರನ್ನೇ ಇಳಿಸಿದ್ದೆ.

ಕೈ ತಾನಾಗಿಯೇ ಹೋಗುತ್ತಿತ್ತೋ, ನನ್ನಿಂದ ಹೋಯಿತೋ, ಯಾವ ಸ್ಕ್ಯಾನೂ ಹೇಳಲಿಲ್ಲ. ಅದೇ ನನ್ನನ್ನು ಕುಳಿತಲ್ಲಿ ಕೂರಲು ಬಿಡಲಿಲ್ಲ. ಬರೆದ ಔಷಧಿ ಚೀಟಿಯನ್ನು ಹರಿದು ಮತ್ತೆ ಬರೆಯುತ್ತಿದ್ದೆ. ಆಕೆಯ ಅಂಗಡಿ ತಪ್ಪಿಸಲು ಸುತ್ತು ಹಾಕಿ ಪೇಟೆಗೆ ಹೋಗುತ್ತಿದ್ದೆ. ಸೊಸೆ ಎದುರಾದಾಗೆಲ್ಲ, "ನೀವು ಇದ್ರಿ ಅಂತ ನಮ್ಮತ್ತಿ ಉಳದಾರ್ರಿ," ಎನ್ನುತ್ತಿದ್ದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಆರು ತಿಂಗಳಾದ ಮೇಲೆ ತಡೆಯಲಾರದೆ ಅಂಗಡಿಗೆ ಹೋದೆ. ವ್ಯಾಯಾಮದಿಂದ ಆಕೆಯ ಭುಜ ಏಳುತ್ತಿತ್ತು, ಬೆರಳುಗಳು ಅರ್ಧ ಮಡಚುತ್ತಿದ್ದವು. ಅಷ್ಟೇ.

"ಹುಸೇನಬಿ, ಅವತ್ತ ನಾ ಬಿಪಿ ಭಾಳ ಲಗೂ ಇಳಿಸಿದೆ. ನಿಮ್ಮ ಕೈ ಅದಕ್ಕ ಹೋಗಿರಬಹುದು," ಎಂದೆ.

ಆಕೆ ಮುಂದಿದ್ದ ಬಳೆಗಳನ್ನು ಒಂದೇ ಕೈಯಿಂದ ಜೋಡಿಸಿ ಇಟ್ಟರು. ಆಮೇಲೆ ನಾಲ್ಕು ಹಸಿರು ಬಳೆ ತೆಗೆದರು.

"ಕೈ ಕೊಡ್ರಿ. ನನಗ ಹಿಚಕಾಕ ಬರೂದಿಲ್ಲ, ನಿಮ್ಮ ಕೈ ನೀವ ಹಿಚಕ್ರಿ. ಸಾವಕಾಶ. ಗಡಿಬಿಡಿ ಮಾಡಿದ್ರ ಒಡೀತಾವ."

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ನಾನು ಯಾವ ಕ್ಯಾಪ್ಸೂಲ್‌ಗೂ ಸೂಜಿ ಚುಚ್ಚಲಿಲ್ಲ. ಏರಿದ ಅಂಕಿ ಕಂಡರೆ, ಇಳಿಸುವ ಮೊದಲು ಅದು ಯಾಕೆ ಏರಿದೆ ಎಂದು ನೋಡುವುದನ್ನು ಕಲಿತೆ. ದವಾಖಾನೆ ಮುಚ್ಚುವವರೆಗೂ ಪ್ರತಿ ಶ್ರಾವಣಕ್ಕೆ ಹುಸೇನಬಿಯ ಹತ್ತಿರವೇ ಬಳೆ ತೊಟ್ಟೆ. ಪ್ರತಿ ಸಲವೂ ನನ್ನ ಕೈಯನ್ನು ನಾನೇ ಹಿಚುಕಿಕೊಂಡೆ.