ಅಡುಗೆಮನೆ ಗೋಡೆಯ ಕೆಂಪು ಗೆರೆ

ಗೆಳೆಯರೇ, ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಅಡುಗೆಮನೆಯ ಹೊರಗೋಡೆಗೆ ಒಬ್ಬ ಮೇಲಿನಿಂದ ಕೆಳಗೆ ಕೆಂಪು ಗೆರೆ ಎಳೆಯುತ್ತಿದ್ದ. ಹುಬ್ಬಳ್ಳಿಯ ನಡುಪೇಟೆಯಲ್ಲಿ ಬೀಗ ಜಡಿದುಕೊಂಡು ನಿಂತಿರುವ ಹಳೆಯ ಮಾಲ್‌ಗೆ ಅಂಟಿಕೊಂಡೇ ನಮ್ಮ ಮನೆ. ಆ ಮಾಲ್ ಕೆಡವಿ ಎರಡು ದೊಡ್ಡ ಅಪಾರ್ಟ್‌ಮೆಂಟ್ ಕಟ್ಟುತ್ತಾರೆಂದು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

"ಇದೇನ್ರೀ ಗೆರಿ?" ಎಂದೆ.

"ಏನಿಲ್ರಿ ಅಕ್ಕಾರ, ಸುಮ್ನ ಗುರ್ತಿಗೆ."

"ನಮ್ಮ ಗ್ವಾಡಿ ಮ್ಯಾಲ ಸುಮ್ನ ಯಾಕ್ರೀ ಗುರ್ತು?"

"ಅದೆಲ್ಲಾ ಸಾಹೇಬ್ರಿಗೆ ಗೊತ್ರಿ."

ಸಾಹೇಬರು ಯಾರು, ಎಲ್ಲಿದ್ದಾರೆ, ಯಾವಾಗ ಕೆಲಸ ಶುರು? ಎಲ್ಲದಕ್ಕೂ "ಗೊತ್ತಿಲ್ರಿ." ಅಷ್ಟರಲ್ಲಿ ನಮ್ಮತ್ತೆ, ಪಾಪ ಬಿಸಿಲಲ್ಲಿ ನಿಂತಾನೆಂದು ಅವನಿಗೆ ಚಹಾ ತಂದುಕೊಟ್ಟರು. ಕುಡಿದು, ಕಪ್ಪನ್ನು ಕಟ್ಟೆಯ ಮೇಲಿಟ್ಟು, "ಹೊಕ್ಕೇನ್ರಿ ಅಮ್ಮಾರ" ಎಂದು ಹೊರಟ.

ಅತ್ತೆಗೆ ತಡೆಯಲಾಗಲಿಲ್ಲ. "ಮನಿ ಮುಂದ ನಿಂತು ಹೊಕ್ಕೇನಿ ಅನ್ನಬಾರ್ದಪಾ. ಬರ್ತೇನಿ ಅನ್ನಬೇಕು."

ಅವನು ಕೈಮುಗಿದು ತಿದ್ದಿಕೊಂಡ. "ತಪ್ಪಾತ್ರಿ. ಬರ್ತೇನ್ರಿ. ಸೋಮವಾರ ಜೆಸಿಬಿ ತಗೊಂಡ ಬರ್ತೇನ್ರಿ."

ನಾನು ಅಷ್ಟು ಗೋಗರೆದರೂ ಬಾಯಿ ಬಿಡದವನು ಒಂದು ಕಪ್ ಚಹಾಕ್ಕೆ ವಾರ ಸಮೇತ ಹೇಳಿ ಹೋದ.

ಅತ್ತೆ ಈಗ ನನ್ನ ಹಿಂದೆ ಬಿದ್ದಿದ್ದಾರೆ: "ಸೋಮವಾರ ಎಷ್ಟ ಮಂದಿ ಬರ್ತಾರಂತ? ಹಾಲು ಜಾಸ್ತಿ ಹೇಳು."

ಹಾಲು ಹೇಳುತ್ತೇನೆ. ಆದರೆ ಅದನ್ನು ಕಾಯಿಸುವ ಒಲೆ ಆ ಕೆಂಪು ಗೆರೆಯ ಯಾವ ಕಡೆಗಿದೆ ಎಂದು ಈಗಷ್ಟೇ ಹೋಗಿ ನೋಡಿ ಬಂದೆ. ಮಾಲ್‌ನ ಕಡೆಗಿದೆ.