ನಾಸರ್ ಸರೋವರದ ಮೇಲೆ ಮೂರನೆಯ ವಾರ

ಮೊಸಳೆ ಇವೆ ಎಂದು ಗೈಡ್ ಹೇಳಿದ್ದೇ ತಡ, ಇವರು ದೋಣಿಯ ಕಂಬಿ ಹಿಡಿದು ನಿಂತವರು ಊಟಕ್ಕೆ ಕರೆಯುವವರೆಗೂ ಕದಲಲಿಲ್ಲ. ಕೊರಳಲ್ಲಿ ಕ್ಯಾಮೆರಾ, ತಲೆಯ ಮೇಲೆ ಹೊಸ ಟೋಪಿ, ಕಣ್ಣು ನೀರಿನ ಮೇಲೆ. ನನಗೆ ಮೊಸಳೆಯ ಚಿಂತೆ ಇರಲಿಲ್ಲ. ಅವತ್ತು ಶನಿವಾರ. ಗುರುವಾರಕ್ಕೆ ಇನ್ನು ಎಷ್ಟು ದಿನ ಎಂದು ನಾನು ಎಣಿಸುತ್ತಿದ್ದೆ.

ಜರ್ಮನಿ ಕಂಪ್ಯೂಟರಿನವರಿಗೆ ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ಕಾಲ ಅದು. ನಾವು ಧಾರವಾಡದ ಕಡೆಯವರು. ಇವರು ಹೈಡೆಲ್‌ಬರ್ಗಿಗೆ ಬಂದು ಎರಡು ವರ್ಷವಾಗಿತ್ತು, ಮದುವೆಯಾಗಿ ನಾನು ಬಂದು ಒಂದು ವರ್ಷ ತುಂಬುತ್ತಿತ್ತು. ಊರಿನ ಭಾರತೀಯರಲ್ಲಿ ಅರ್ಧ ಜನ ಬೆಳಿಗ್ಗೆ ಕಾರು ಹತ್ತಿ ದೊಡ್ಡ ಸಾಫ್ಟ್‌ವೇರ್ ಕಂಪನಿಯಿದ್ದ ವಾಲ್‌ಡಾರ್ಫ್‌ಗೆ ಹೋಗುತ್ತಿದ್ದರು. ಇವರು ಟ್ರಾಮ್ ಹಿಡಿದು ಮೂವತ್ತು ಜನರ ಒಂದು ಸಣ್ಣ ಕಂಪನಿಗೆ ಹೋಗುತ್ತಿದ್ದರು. ಅಲ್ಲಿ ಎಲ್ಲರದೂ ಇಂಗ್ಲಿಷ್, ಹಾಗಾಗಿ ಇವರ ಜರ್ಮನ್ ನಮಸ್ಕಾರ ಹೇಳುವುದರ ಆಚೆ ದಾಟಿರಲಿಲ್ಲ. ನಮ್ಮಂಥವರ ಹೆಂಡಂದಿರಿಗೆ ಮೊದಲ ವರ್ಷ ಕೆಲಸದ ಪರವಾನಿಗೆ ಇಲ್ಲ. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಮೇಲೆಂದು ನಾನು ವಯಸ್ಕರ ಶಾಲೆಯ ಜರ್ಮನ್ ಕ್ಲಾಸಿಗೆ ಸೇರಿದೆ. ಆರು ತಿಂಗಳಲ್ಲಿ ಮನೆಗೆ ಬರುವ ಟಪಾಲೆಲ್ಲ ನನ್ನ ಖಾತೆಯಾಯಿತು. ಬಾಡಿಗೆಯ ಕಾಗದ, ಕರೆಂಟಿನ ಕಾಗದ, ವೀಸಾ ಆಫೀಸಿನ ಕಾಗದ, ಎಲ್ಲವನ್ನೂ ನಾನೇ ಒಡೆದು, ಓದಿ, ಫೈಲಿಗೆ ಹಾಕಿ, ಇವರಿಗೆ ಎರಡು ಮಾತಿನಲ್ಲಿ ಸಾರಾಂಶ ಹೇಳುತ್ತಿದ್ದೆ. ಜೂನ್‌ನಲ್ಲಿ ನನ್ನ ಪರೀಕ್ಷೆಯಿತ್ತು. ಪಾಸಾದರೆ ನಮ್ಮ ಓಣಿಯ ಲೈಬ್ರರಿಯಲ್ಲಿ ಅರ್ಧ ದಿನದ ಕೆಲಸ ಕೊಡುತ್ತೇವೆ ಅಂದಿದ್ದರು. ಅದನ್ನು ನೆನೆಸಿಕೊಂಡು ನಾನು ಒಳಗೊಳಗೇ ಬೀಗುತ್ತಿದ್ದೆ.

ಫೆಬ್ರವರಿಯ ಒಂದು ಗುರುವಾರ ರಿಜಿಸ್ಟರ್ಡ್ ಟಪಾಲು ಬಂತು. ಇವರ ಕಂಪನಿಯದು. ಸಹಿ ಹಾಕಿ ತೆಗೆದುಕೊಂಡು, ಎಂದಿನಂತೆ ಚಾಕುವಿನಿಂದ ಒಡೆದು ಓದಿದೆ. ಅರ್ಧ ಪುಟ. ಮಾರ್ಚ್ ಕೊನೆಗೆ ಕೆಲಸ ಮುಗಿಯಿತು, ಶುಭಾಶಯಗಳು. ಡಿಕ್ಷನರಿ ತೆಗೆಯುವ ಅಗತ್ಯವೇ ಬೀಳಲಿಲ್ಲ. ಕಾಗದವನ್ನು ಮತ್ತೆ ಲಕೋಟೆಯೊಳಗೆ ತುರುಕಿ ಟೇಬಲ್ ಮೇಲಿಟ್ಟೆ.

ಸಂಜೆ ಬಂದವರು ಅದನ್ನು ನೋಡಿದ ಕೂಡಲೇ ಮುಖ ಬಿಳಿಚಿಕೊಂಡರು. ಆಫೀಸಿನಲ್ಲಿ ಮೊದಲೇ ಬಾಯಿಮಾತಿನಲ್ಲಿ ಹೇಳಿದ್ದರು ಎಂಬುದು ಆ ಮುಖದಿಂದಲೇ ತಿಳಿಯಿತು.

“ಓದಿದೀ ಏನ?” ಅಂದರು.

“ಇಲ್ಲರೀ, ಈಗರ ಬಂತು, ಒಡದಿಟ್ಟೀನಿ ಅಷ್ಟ,” ಅಂದೆ. ಯಾಕೆ ಹಾಗೆ ಅಂದೆನೋ. ಅವರೇ ಹೇಳಲಿ ಅಂತಿತ್ತು.

“ಇನ್ಶೂರೆನ್ಸಿಂದು. ನಾ ನೋಡ್ಕೋತೀನಿ ಬಿಡು,” ಅಂದು ಬ್ಯಾಗಿಗೆ ಹಾಕಿಕೊಂಡರು.

ಅಲ್ಲಿಂದ ನನ್ನ ಹಟ ಶುರುವಾಯಿತು. ಇವರು ಹೇಳುವವರೆಗೂ ನಾನಾಗಿ ಬಾಯಿ ಬಿಡುವುದಿಲ್ಲ ಎಂದು ತೀರ್ಮಾನಿಸಿದೆ. ಆದರೆ ಇಲ್ಲೊಂದು ತೊಡಕಿತ್ತು, ಅದು ಇವರಿಗೆ ಗೊತ್ತಿರಲಿಲ್ಲ. ನಮ್ಮ ಕ್ಲಾಸಿನ ಟೀಚರ್ ಒಂದು ವಾರ ಪೂರ್ತಿ ಪತ್ರಲೇಖನ ಮಾಡಿಸಿದ್ದಳು. ಮನೆ ಬಿಡುವ ಪತ್ರ, ದೂರಿನ ಪತ್ರ, ಕೆಲಸದಿಂದ ತೆಗೆದರೆ ಕೋರ್ಟಿಗೆ ಬರೆಯುವ ಪತ್ರ. ಅದನ್ನು ಬರೆಸುವಾಗ ಬೋರ್ಡಿನ ಮೇಲೆ ದೊಡ್ಡದಾಗಿ ‘ಮೂರು ವಾರ’ ಎಂದು ಗೀಚಿ ಕೆಳಗೆ ಎರಡು ಗೆರೆ ಎಳೆದಿದ್ದಳು. ಕಾಗದ ಕೈಗೆ ಬಂದ ದಿನದಿಂದ ಮೂರು ವಾರದೊಳಗೆ ಕಾರ್ಮಿಕ ಕೋರ್ಟಿಗೆ ಬರೆದರೆ ಕಂಪನಿ ಸಾಮಾನ್ಯವಾಗಿ ರಾಜಿಗೆ ಬರುತ್ತದೆ, ಕೆಲಸದಲ್ಲಿ ಇನ್ನಷ್ಟು ತಿಂಗಳು ಸಿಗುತ್ತವೆ. ಇಪ್ಪತ್ತೆರಡನೆಯ ದಿನ ಹೋದರೆ ಕೋರ್ಟು ಬಾಗಿಲು ತೆಗೆಯುವುದಿಲ್ಲ. ನಮಗೆ ತಿಂಗಳೆಂದರೆ ಬರೀ ಸಂಬಳವಲ್ಲ. ಕೆಲಸವಿದ್ದಷ್ಟು ದಿನವೇ ಆ ದೇಶದಲ್ಲಿ ಇರುವ ಹಕ್ಕು.

ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ಕಾದೆ. ಇವರು ದಿನವೂ ಎಂಟೂ ಹತ್ತರ ಟ್ರಾಮ್ ಹಿಡಿದರು, ಸಂಜೆ ಬಂದರು, ಸಾರಿಗೆ ಉಪ್ಪು ಕಡಿಮೆ ಅಂದರು. ಎರಡು ವಾರ ಕಳೆದವು. ಹದಿನೈದನೆಯ ದಿನ ಶುಕ್ರವಾರ ನಾವು ಈಜಿಪ್ಟಿನ ವಿಮಾನ ಹತ್ತಿದೆವು.

ಈ ಪ್ರವಾಸ ನನ್ನದೇ ಆಸೆ. ಮದುವೆಯಾದ ಮೇಲೆ ಎಲ್ಲಿಗೂ ಹೋಗಿರಲಿಲ್ಲ. ಟ್ರಾವೆಲ್ ಅಂಗಡಿಯ ಗಾಜಿನಲ್ಲಿ ಮರಳುಗಾಡಿನ ನಡುವಿನ ನೀಲಿ ನೀರಿನ ಚಿತ್ರ ನೋಡಿ ಡಿಸೆಂಬರಿನಿಂದ ಪ್ರಾಣ ತಿಂದಿದ್ದೆ. ಟಿಕೆಟ್ ಆಗಿತ್ತು, ವೀಸಾಕ್ಕಾಗಿ ಫ್ರಾಂಕ್‌ಫರ್ಟಿಗೆ ಎರಡು ಸಲ ಅಲೆದಿದ್ದೆವು. ರದ್ದು ಮಾಡೋಣವೇ ಎಂದು ಇವರು ಕೇಳುತ್ತಾರೆ, ಆಗ ಮಾತು ಹೊರಬೀಳುತ್ತದೆ ಅಂದುಕೊಂಡಿದ್ದೆ. ಇವರು ಹೊಸ ಟೋಪಿ ಕೊಂಡು ತಂದರು.

ದೋಣಿ ಸಣ್ಣದು, ಮೇಲೊಂದು ಡೆಕ್ಕು, ಕೆಳಗೆ ಆರು ಕೋಣೆ. ಎಂಟು ಜನ ಜರ್ಮನ್ನರು, ನಾವಿಬ್ಬರು. ಗೈಡ್ ಈಜಿಪ್ಟಿನವನೇ, ಆದರೆ ಅವನ ಜರ್ಮನ್ ನನ್ನದಕ್ಕಿಂತ ಸ್ವಚ್ಛ. ಅವನು ಹೇಳಿದ್ದನ್ನು ನಾನು ಇವರ ಕಿವಿಯಲ್ಲಿ ಕನ್ನಡ ಮಾಡಿ ಹಾಕುತ್ತಿದ್ದೆ. ಅಣೆಕಟ್ಟಿನ ಹಿಂದೆ ನೈಲ್ ನದಿ ನಿಂತು ಆದ ಕೆರೆ ಇದು. ಆದರೆ ಕೆರೆ ಎನ್ನಲು ಬಾಯಿ ಬರುವುದಿಲ್ಲ. ದಿನವಿಡೀ ಹೋದರೂ ಮುಗಿಯದ ನೀರು, ಅದರ ಅಂಚಿನಿಂದಲೇ ಶುರುವಾಗುವ ಮರಳು. ನಡುವೆ ಒಂದು ಹುಲ್ಲಿನ ಗೆರೆಯೂ ಇಲ್ಲ. ನೀರಿದ್ದ ಮೇಲೆ ಹಸಿರು ಇರಬೇಕು ಎಂಬ ನಮ್ಮ ಕಡೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಭಾನುವಾರ ಪೂರ್ತಿ ದೋಣಿ ನಡೆಯಿತು. ಸೋಮವಾರ ಸೆಬೂವಾ ಎಂಬಲ್ಲಿ ಅದರ ಮೂತಿಯನ್ನು ಮರಳಿಗೆ ಒತ್ತಿ ನಿಲ್ಲಿಸಿ ಹಲಗೆ ಹಾಸಿದರು. ಹಲಗೆಯ ಮೇಲಿಂದ ಇಳಿದು ಗುಡಿಗೆ ನಡೆದೆವು. ಸಿಂಹದ ಮೈಗೆ ಮನುಷ್ಯನ ತಲೆ ಇಟ್ಟ ಕಲ್ಲುಗಳು ಎರಡು ಸಾಲಾಗಿ ಕೂತಿದ್ದವು. ಒಳಗೆ ಒಂದು ತಮಾಷೆ. ಹಿಂದೊಮ್ಮೆ ಕ್ರೈಸ್ತರು ಗುಡಿಯನ್ನು ಚರ್ಚು ಮಾಡಿಕೊಂಡು, ದೇವರ ಮೇಲೆ ಗಾರೆ ಬಳಿದು ಅಲ್ಲೊಬ್ಬ ಸಂತನನ್ನು ಬರೆದಿದ್ದರಂತೆ. ಅಕ್ಕಪಕ್ಕದ ಗಾರೆ ಉದುರಿ ಹಳೆಯ ರಾಜ ಹೊರಬಿದ್ದಿದ್ದಾನೆ. ಈಗ ಆ ರಾಜ ಯಾವ ಸಂಬಂಧವೂ ಇಲ್ಲದ ಸಂತನಿಗೆ ಹೂವು ಅರ್ಪಿಸುತ್ತ ನಿಂತಿದ್ದಾನೆ. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ವಾರದಲ್ಲಿ ಅವರ ನಗು ಕೇಳಿದ್ದು ಅದೇ ಮೊದಲು. ಈಗ ಹೇಳುತ್ತಾರೆ ಅಂದುಕೊಂಡೆ. ಫೋಟೋ ತೆಗೆದು ಮುಂದೆ ಹೋದರು.

ಈ ಗುಡಿಗಳಲ್ಲಿ ಹೆಚ್ಚಿನವು ಇದ್ದ ಜಾಗದಲ್ಲಿ ಇಲ್ಲ. ನೀರು ಏರುವ ಮೊದಲೇ ಕಲ್ಲಿಗೆ ಕಲ್ಲು ನಂಬರ್ ಹಾಕಿ, ಬಿಚ್ಚಿ, ಎತ್ತರದಲ್ಲಿ ಮತ್ತೆ ಜೋಡಿಸಿದ್ದಾರೆ. ಮಂಗಳವಾರ ನೋಡಿದ ಅಮಾದಾ ಗುಡಿಯ ಗೋಡೆಗಳಲ್ಲಿ ಬಣ್ಣದ ಚಿತ್ರವಿತ್ತು, ಬಿಚ್ಚಿದರೆ ಕೆಡುತ್ತದೆಂದು ಅದರ ಮುಖ್ಯ ಭಾಗವನ್ನು ಇಡಿಯಾಗಿ ಹಳಿಯ ಮೇಲಿಟ್ಟು ಎಳೆದರಂತೆ. “ತಿಂಗಳುಗಟ್ಟಲೆ ಎಳೆದರು, ನೀರು ಹಿಂದೆಯೇ ಬರುತ್ತಿತ್ತು,” ಎಂದ ಗೈಡ್. ಅದನ್ನು ನಾನು ಕನ್ನಡಕ್ಕೆ ತಂದು ಹೇಳಿದೆ. ಇವರು ಹಳಿ ಎಲ್ಲಿ ಎಂದು ಹುಡುಕುತ್ತಿದ್ದರು.

ಅವತ್ತು ಮಧ್ಯಾಹ್ನ ಡೆಕ್ಕಿನ ಮೇಲೆ ಕೂತು ನಾನು ಕೋರ್ಟಿನ ಪತ್ರ ಬರೆದೆ. ಹನ್ನೆರಡು ಸಾಲು. ಟೀಚರ್ ಬರೆಸಿದ್ದು ಬಾಯಿಪಾಠವಾಗಿತ್ತು. ಇವರ ಹೆಸರು, ಕಂಪನಿಯ ಹೆಸರು, ಕಾಗದ ಬಂದ ತಾರೀಖು, ಕೆಳಗೆ ಸಹಿಗೆ ಜಾಗ. ಕೋರ್ಟಿನ ಫ್ಯಾಕ್ಸ್ ನಂಬರನ್ನು ಹೊರಡುವ ಮೊದಲೇ ಟೆಲಿಫೋನ್ ಪುಸ್ತಕದಲ್ಲಿ ನೋಡಿ ಡೈರಿಯಲ್ಲಿ ಬರೆದುಕೊಂಡಿದ್ದೆ. ಹಟ ಹಿಡಿದವಳೂ ನಾನೇ, ಇಷ್ಟೆಲ್ಲ ತಯಾರಿ ಮಾಡಿಕೊಂಡವಳೂ ನಾನೇ. ಪಕ್ಕದಲ್ಲಿ ಕೂತಿದ್ದ ಹಲ್ಲಿನ ಡಾಕ್ಟರ್ ಒಬ್ಬ, ಎಪ್ಪತ್ತರ ಸಮೀಪದವನು, ಇಣುಕಿ ನೋಡದೆಯೇ “ಪ್ರವಾಸದ ಡೈರಿಯೇ?” ಎಂದು ಕೇಳಿದ. ಹೌದೆಂದೆ. ಗುರುವಾರ ಅಬು ಸಿಂಬೆಲ್ ಮುಟ್ಟಿದರೆ ಅಲ್ಲಿಯ ಹೋಟೆಲಿನಿಂದ ತನ್ನ ಕ್ಲಿನಿಕ್ಕಿಗೆ ಫ್ಯಾಕ್ಸ್ ಕಳಿಸಬೇಕು ಎಂದು ಅವನಾಗಿಯೇ ಹೇಳಿದ. ದೋಣಿಯಲ್ಲಿ ಫೋನ್ ಇರಲಿಲ್ಲ. ಗುರುವಾರ ಇಪ್ಪತ್ತೊಂದನೆಯ ದಿನ. ಇನ್ನೂ ಸಾಧ್ಯವಿತ್ತು, ಇವರು ಬಾಯಿ ಬಿಟ್ಟರೆ ಸಾಕಿತ್ತು.

ಬುಧವಾರ ಬಿಟ್ಟರು.

ಹತ್ತು ಗಂಟೆಯ ಹೊತ್ತಿಗೆ ದೋಣಿ ಇಬ್ರಿಮ್ ಕೋಟೆಯ ಮುಂದೆ ನಿಂತಿತ್ತು. ಹಿಂದೆ ಎತ್ತರದ ಗುಡ್ಡದ ನೆತ್ತಿಯ ಮೇಲಿದ್ದ ಕೋಟೆ, ಈಗ ನೀರು ಅದರ ಬುಡಕ್ಕೇ ಬಂದು ನಿಂತಿದೆ. ಅಲ್ಲಿ ಇಳಿಯಲು ಬಿಡುವುದಿಲ್ಲ, ದೋಣಿಯಿಂದಲೇ ನೋಡಬೇಕು. ಎಲ್ಲರೂ ಒಂದೇ ಬದಿಯ ಕಂಬಿಗೆ ಬಂದಿದ್ದರು. ನಾವಿಬ್ಬರು ತುದಿಯಲ್ಲಿದ್ದೆವು.

“ಒಂದ ಮಾತ ಹೇಳೋದಿತ್ತು,” ಅಂದರು.

“ಹೇಳ್ರಿ.”

“ನನ್ನ ಕೆಲಸ ಹೋತು.”

“ಯಾವಾಗ?” ಎಂದು ಕೇಳಿದೆ. ನಾಟಕ ನನಗೂ ಬರುತ್ತಿತ್ತು.

“ಹೊರಡೋ ಎರಡ ವಾರ ಮೊದಲ. ಮಾರ್ಚ್ ತನಕ ಪಗಾರ ಕೊಡ್ತಾರ. ಅವರಿಗೂ ಕೆಲಸ ಇಲ್ಲ, ಪಾಪ, ಏನ್ ಮಾಡ್ತಾರ.”

“ಮೊದಲ ಯಾಕ ಹೇಳಲಿಲ್ಲ?”

ಇವರು ನನ್ನ ಹೆಗಲ ಮೇಲೆ ಕೈ ಇಟ್ಟರು. ದನಿಯಲ್ಲಿ ಗಡಸಿರಲಿಲ್ಲ, ಅಕ್ಕರೆಯೇ ಇತ್ತು. “ಹೇಳಿ ಏನ್ ಮಾಡೋದಿತ್ತು? ಇದೆಲ್ಲಾ ನಿನಗ ಏನ್ ತಿಳೀತದ. ಸುಮ್ಮನ ತಲಿ ಕೆಡಿಸ್ಕೊಂತಿದ್ದಿ. ಟ್ರಿಪ್ಪರ ಛಂದ ಆಗ್ಲಿ ಅಂತ ಸುಮ್ಮನಿದ್ದೆ.”

ಅಷ್ಟರಲ್ಲಿ ಗೈಡ್ ಕೋಟೆಯ ಕಡೆ ಕೈ ತೋರಿಸಿ ಏನೋ ಹೇಳಿದ. ಜರ್ಮನ್ನರೆಲ್ಲ ಓಹೋ ಅಂದರು. ಇವರು ನನ್ನತ್ತ ಬಾಗಿ, “ಏನಂದಾ ಅವಾ?” ಎಂದು ಕೇಳಿದರು.

ಇಲ್ಲಿಯ ಗುಡಿಗಳೆಲ್ಲ ಜಾಗ ಬದಲಿಸಿದವು, ಇದೊಂದೇ ತನ್ನ ಹಳೆಯ ಜಾಗದಲ್ಲಿ ಉಳಿದಿದೆ ಅಂತ ಹೇಳಿದ, ಎಂದು ಕನ್ನಡದಲ್ಲಿ ಹೇಳಿದೆ. ಒಂದು ಅಕ್ಷರ ಬಿಡದೆ ಹೇಳಿದೆ. ನನಗೆ ಸಿಟ್ಟು ಬಂದಿತ್ತು. ಜೀವಮಾನದಲ್ಲಿ ಅಂಥ ಸಿಟ್ಟು ಹಿಂದೆಯೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಅಳು ಬಂದಿದ್ದರೆ ಚೆನ್ನಾಗಿತ್ತು, ಅತ್ತು ಕಾಗದ ತೆಗೆದು ಕೊಡುತ್ತಿದ್ದೆನೋ ಏನೋ. ಅಳು ಬರಲಿಲ್ಲ.

ಗುರುವಾರ ಬೆಳಿಗ್ಗೆ ಅಬು ಸಿಂಬೆಲ್. ಬಂಡೆಯಲ್ಲಿ ಕೂತ ನಾಲ್ಕು ರಾಜರು, ನಾಲ್ವರೂ ಒಬ್ಬನೇ. ಒಬ್ಬನ ತಲೆ ಉರುಳಿ ಕಾಲ ಬುಡದಲ್ಲೇ ಬಿದ್ದಿದೆ. ಮಾತು ಹೊರಹಾಕಿದ ಮೇಲೆ ಇವರು ಹಗುರಾಗಿದ್ದರು. ನನ್ನನ್ನು ರಾಜನ ಕಾಲಿನ ಪಕ್ಕ ನಿಲ್ಲಿಸಿ, ಅಳತೆ ಗೊತ್ತಾಗಲಿ ಎಂದು ಫೋಟೋ ತೆಗೆದರು. ಆ ಫೋಟೋ ಇದೆ. ನಗುತ್ತಿದ್ದೇನೆ.

ಮಧ್ಯಾಹ್ನ ವಾಪಸು ಹೋಗುವ ಬಸ್ಸಿಗೆ ಮೊದಲು ಹೋಟೆಲಿನಲ್ಲಿ ಎರಡು ಗಂಟೆ ಬಿಡುವಿತ್ತು. ಇವರು ಹೊರಗೆ ನೆರಳಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಹಲ್ಲಿನ ಡಾಕ್ಟರ್ ಕೌಂಟರಿನಲ್ಲಿ ತನ್ನ ಫ್ಯಾಕ್ಸ್ ಕಳಿಸಿ ಪಕ್ಕಕ್ಕೆ ಸರಿದ. ಅವನ ಹಿಂದೆ ನಾನಿದ್ದೆ. ಬ್ಯಾಗಿನಲ್ಲಿ ಕಾಗದ, ಹೊರಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಅದಕ್ಕೆ ಸಹಿ ಹಾಕಬೇಕಾದವರು. ಕೌಂಟರಿನವನು “ಫ್ಯಾಕ್ಸ್, ಮೇಡಂ?” ಎಂದು ಕೇಳಿದ. ಅಲ್ಲ, ಸ್ಟಾಂಪ್ ಬೇಕು ಅಂದೆ. ಟೀಚರಿಗೆ ಒಂದು, ಹೈಡೆಲ್‌ಬರ್ಗಿನ ನಮ್ಮ ಕೆಳಮನೆಯ ಅಜ್ಜಿಗೆ ಒಂದು, ಅಪ್ಪನಿಗೆ ಒಂದು, ಮೂರು ಕಾರ್ಡು ಬರೆದು ಡಬ್ಬಿಗೆ ಹಾಕಿದೆ. ಇಲ್ಲಿ ಬಿಸಿಲು ಚೆನ್ನಾಗಿದೆ ಎಂದು ಮೂರರಲ್ಲೂ ಬರೆದೆ.

ಮರುದಿನ ಫ್ರಾಂಕ್‌ಫರ್ಟಿನಲ್ಲಿ ಇಳಿದು ಆ ಹನ್ನೆರಡು ಸಾಲನ್ನು ಕಸಕ್ಕೆ ಹಾಕಿದೆ. ಕಾಗದಕ್ಕೆಂದೇ ಇಟ್ಟ ಡಬ್ಬಿಯನ್ನು ಹುಡುಕಿ ಹಾಕಿದೆ, ಆ ಶಿಸ್ತು ಅಷ್ಟರಲ್ಲಿ ಬಂದಿತ್ತು.

ವೀಸಾ ಆಫೀಸಿನವರು ಎರಡು ತಿಂಗಳ ಗಡುವು ಕೊಟ್ಟರು, ಇವರು ಏಪ್ರಿಲ್ ಪೂರ್ತಿ ಅರ್ಜಿ ಹಾಕಿದರು. ಆ ವರ್ಷ ಯಾರೂ ಯಾರನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಮೇ ಕೊನೆಗೆ ಮನೆ ಖಾಲಿ ಮಾಡಿ ಹೊರಟೆವು, ನನ್ನ ಪರೀಕ್ಷೆಗೆ ಎರಡು ವಾರವಿತ್ತು. ಲೈಬ್ರರಿಯವರು ನನಗೊಂದು ಚೀಲ ಉಡುಗೊರೆ ಕೊಟ್ಟರು. ಪುಣೆಯಲ್ಲಿ ಇವರಿಗೆ ಕೆಲಸ ಸಿಕ್ಕಿತು, ಚೆನ್ನಾಗಿಯೇ ನಡೆಯಿತು. ನನ್ನ ಜರ್ಮನ್ ಯಾವ ಕೆಲಸಕ್ಕೂ ಬರಲಿಲ್ಲ. ಇವರೊಡನೆ ಬಾಳುವುದು ನನಗೆ ಕಷ್ಟವಾಗಲಿಲ್ಲ, ಇವರು ಒಳ್ಳೆಯವರು. ಆ ಬುಧವಾರದ ಮಾತು ಅವರಿಗೆ ನೆನಪಿಲ್ಲ, ಒಮ್ಮೆ ಕೇಳಿ ನೋಡಿದ್ದೇನೆ.

ಎಷ್ಟೋ ವರ್ಷಗಳ ಮೇಲೆ ಇವರ ಜೊತೆಗೇ ಕೆಲಸ ಕಳೆದುಕೊಂಡ ಹೈದರಾಬಾದಿನವರೊಬ್ಬರು ಪುಣೆಗೆ ಬಂದಾಗ ನಮ್ಮಲ್ಲಿ ಊಟಕ್ಕೆ ಬಂದರು. ಅವರು ಈಗಲೂ ಜರ್ಮನಿಯಲ್ಲೇ ಇದ್ದಾರೆ. ಆಗ ಅವರ ಮನೆಯ ಮಾಲಕಿ ಬಾಗಿಲು ಬಡಿದು, ಮೂರು ವಾರದೊಳಗೆ ಕೋರ್ಟಿಗೆ ಬರೆಯಯ್ಯಾ ಎಂದು ಹೇಳಿದಳಂತೆ. ಬರೆದರು. ಆರು ತಿಂಗಳು ಸಿಕ್ಕವು, ಅಷ್ಟರಲ್ಲಿ ಬೇರೆ ಕೆಲಸ ಸಿಕ್ಕಿತು. ಇವರು ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ನಾನು ಮಜ್ಜಿಗೆ ಬಡಿಸಿದೆ.

ಅವರನ್ನು ಆಟೋ ಹತ್ತಿಸಿ ಬಂದು ಇವರು ಚಪ್ಪಲಿ ಬಿಟ್ಟು ಕೂತರು. ಆಮೇಲೆ ಅಂದರು, “ಅವಗ ಹೇಳವ್ರ ಇದ್ರು ನೋಡು. ನಮಗ ಹೇಳವ್ರ ಯಾರಿದ್ರು ಅಲ್ಲಿ?”

“ಯಾರೂ ಇರಲಿಲ್ಲ ಬಿಡ್ರಿ,” ಅಂದೆ.